ಸಾವಕಾರ ಕಿತ್ತೊಯ್ದ ಬಾಗಲ

ಮನಿ ಕಟ್ಟಿ ನೋಡು, ಮದವಿ ಮಾಡಿ ನೋಡು ಅಂತಾರ ಮಂದಿ. ಬಾಡಗಿ ಮನ್ಯಾಗ ಹಡದು ನೋಡು ಅಂತ ನಾ ಅಂತೀನಿ. ಅದರಾಗೂ ಬಾಡಗಿ ಬಾಕಿ ಇದ್ದಾಗ!

ನಿಜಾಮನ ಕಾಲದಾಗ ನಾವು ಶಹಾಬಾದಿನಾಗ ಇದ್ದಿವಿ. ನನ್ನ ಗಂಡ ಫರ್ಸಿ ಕಲ್ಲಿನ ಖಣಿಯಾಗ ಕಲ್ಲು ಎಬ್ಬಸಾಂವ. ಆ ವರ್ಷ ಮಳಿ ಹಿಡದದ್ದು ಬಿಡಲಿಲ್ಲ. ಖಣಿ ತುಂಬಿ ಕೆರಿ ಆತು, ಕೆಲಸ ನಿಂತು ಹೋತು. ಕೆಲಸಾನೇ ಇಲ್ಲದ ಮ್ಯಾಲ ಬಾಡಗಿ ಎಲ್ಲಿಂದ ಬರಬೇಕು? ನನಗ ನೋಡಿದ್ರ ದಿನ ತುಂಬಿದ್ದವು. ಚೊಚ್ಚಲ ಹೆರಗಿ ತವರಾಗ ಆಗಬೇಕು ಖರೆ, ಆದ್ರ ನನ್ನವ್ವ ತೀರಿಕೊಂಡಿದ್ದಳು. ತವರೂರು ಕೊಡ್ಲಿಯಾಗ ಅಣ್ಣನ ಹೆಂಡತಿ ಮಾರಿ ನೋಡಿಕೋತ ಹಡಿಯೂದಕಿಂತ ಇಲ್ಲೇ ಛೊಲೊ ಅಂತ ಉಳಕೊಂಡಿದ್ದೆ. ಈ ಮನಿ ಬಿಟ್ರ ನನಗ ಹಡಿಯಾಕ ಬ್ಯಾರೆ ಜಾಗಾನೇ ಇದ್ದಿಲ್ಲ.

ಮನಿ ಮಾಲಕ ಹಿಂದಿನ ಓಣಿ ಸಾವಕಾರ. ದಿನಾ ಬಂದು ಕಟ್ಟಿ ಮ್ಯಾಲ ಕುಂತು, "ಖಾಲಿ ಮಾಡ್ರಿ, ಇಲ್ಲಂದ್ರ ಕೀಲಿ ಜಡೀತೀನಿ" ಅಂತಿದ್ದ. ನನ್ನ ಗಂಡ ಅಂಜಿ ಚಿತ್ತಾಪುರಕ್ಕ ಹೋಗಿ ವಕೀಲರನ್ನ ಕೇಳಿದ. ಅವರು, "ಅದಾಲತಿನ ಹುಕುಂ ಇಲ್ಲದ ಅವ ನಿಮ್ಮನ್ನ ಹೊರಗ ಹಾಕಾಕ ಬರಂಗಿಲ್ಲ. ಆದ್ರ ಮನಿ ಬಿಟ್ಟು ಎಲ್ಲರೂ ಒಮ್ಮಿಗೇ ಹೊರಗ ಹೋಗಬ್ಯಾಡ್ರಿ. ಒಂದು ಸಲ ಕೀಲಿ ಬಿತ್ತಂದ್ರ ಅದನ್ನ ತಗಸೂದರಾಗ ನಿಮ್ಮ ಚಪ್ಪಲಿ ಸವೀತಾವ. ಇನ್ನ ಬಾಡಗಿ ಕೊಟ್ಟಾಗೆಲ್ಲ ರಸೀದಿ ತಗೋರಿ" ಅಂದ್ರು.

ಅವತ್ತಿಂದ ನಮ್ಮತ್ತಿ ಹೊಚ್ಚಲ ಮ್ಯಾಲ ಕುಂತಳು. ಹೊಚ್ಚಲ ಮ್ಯಾಲ ಕುಂದ್ರಬಾರದು ಅಂತ ನನಗ ಬೈಯೂ ಹೆಂಗಸು! ಮೈಕೈ ತುಂಬಿದಾಕಿ, ಆಕಿ ಕುಂತ್ರ ಬೆಕ್ಕಿಗೂ ದಾರಿ ಇಲ್ಲ. ಸಂತಿ ಬಿಟ್ಟಳು, ಗುಡಿ ಬಿಟ್ಟಳು, ಮಂದಿ ಮನ್ಯಾಗ ಕುಂತು ಮಾತಾಡೂದು ಬಿಟ್ಟಳು. ಇದೊಂದು ಆಕಿಗೆ ಭಾಳ ತ್ರಾಸ ಆತು.

ಕೀಲಿ ಹಾಕಾಕ ದಾರಿ ಸಿಗಲಾರದ ಸಾವಕಾರ ಸಿಟ್ಟಿಗೆದ್ದ. ಒಂದು ಮುಂಜಾನಿ ಅತ್ತಿ ಜಳಕಕ್ಕ ಎದ್ದ ಹೊತ್ತು ನೋಡಿ, ಬಡಿಗ್ಯಾನ್ನ ಕರಕೊಂಡು ಬಂದು ಬಾಗಲಾನೇ ಕಿತ್ತಿಸಿದ. "ಈಗ ಹ್ಯಾಂಗ ಇರ್ತೀರಿ ನೋಡ್ತೀನಿ" ಅಂತ ಹೊರಸಿಕೊಂಡು ಹೋದ.

ನಾ ಅಳಾಕತ್ತಿದ್ರ ಅತ್ತಿ ಹೊಟ್ಟಿ ಹಿಡಕೊಂಡು ನಗಾಕತ್ತಳು. "ಹುಚ್ಚ ಖೋಡಿ! ಬಾಗಲಾನೇ ಒಯ್ದ. ಇನ್ನ ಕೀಲಿ ಎದಕ್ಕ ಹಾಕ್ತಾನ, ತನ್ನ ಬಾಯಿಗೇನು?" ಅಂದಾಕಿನೇ ಚೀಲ ತಗೊಂಡು ಸಂತಿಗೆ ನಡದಳು.

ಆಕಿ ಅತ್ಲಾಗ ಹೋದಳು, ಇತ್ಲಾಗ ನನಗ ಬ್ಯಾನಿ ಸುರು ಆತು. ಗಂಡ ಕೂಲಿ ಹುಡುಕಾಕ ಹೋಗಿದ್ದ. ಗಾಳಿ, ಮಳಿ ಸೀದಾ ಒಳಗ. ಪಕ್ಕದ ಮನಿ ಆಡು ಬಂದು ನನ್ನ ಹಾಸಿಗಿ ಮ್ಯಾಲ ನಿಂತಿತ್ತು. ಇಂಥಾ ಥಂಡ್ಯಾಗ ಕೂಸು ಉಳೀತದೇನು? ಅವತ್ತು ನನ್ನವ್ವನ್ನ ನೆನಸಿ ಅತ್ತಷ್ಟು ಆಕಿ ಸತ್ತಾಗ ಸೈತ ಅತ್ತಿದ್ದಿಲ್ಲ.

ಪಕ್ಕದಾಕಿ ಹೇಳಿ ಕಳಿಸಿದ್ದಕ್ಕ ಅತ್ತಿ ಸಂತಿಯಿಂದ ಓಡಿಕೋತ, ಸೂಲಗಿತ್ತೀನ ಕರಕೊಂಡೇ ಬಂದಳು. ನಮ್ಮ ಕಡೆ ಕೈಗುಣ ಇದ್ದಾಕಿ ಒಬ್ಬಾಕಿನೇ, ಸಾವಕಾರನ ಅವ್ವ! ಮುದಕಿ ಚೌಕಟ್ಟಿನಾಗ ನಿಂತು, "ಬಾಗಲ ಎಲ್ಲಿ?" ಅಂದಳು.

"ನಿಮ್ಮ ಮಗನ್ನ ಕೇಳ್ರಿ ಯವ್ವಾ" ಅಂದಳು ಅತ್ತಿ.

ಮುದಕಿ ಓಣಿ ಕಡೆ ಮಾರಿ ಮಾಡಿ ಒದರಿದಳು: "ಏ ಭಾಡ್ಯಾ! ನಿನ್ನ ಹಡದಾಗ ನನಗೊಂದು ಬಾಗಲ ಇತ್ತಲೊ! ತಗೊಂಡು ಬಾ!"

ಸಾವಕಾರ ಬಾಗಲ ತಲಿ ಮ್ಯಾಲ ಹೊತ್ತುಕೊಂಡು ತಾನೇ ಬಂದ. ಬಡಿಗ್ಯಾ ಕೆಲಸಕ್ಕ ವಾಡಿ ಊರಿಗೆ ಹೋಗಿದ್ದನಂತ. ಹಡಿಯೂ ಕಡೆ ಗಂಡಸು ನೋಡಬಾರದು, ಹಂಗಾಗಿ ಮಾರಿ ಅತ್ಲಾಗ ತಿರುವಿಕೊಂಡೇ ಬಾಗಲ ಕೂಡಿಸೂ ಬಿಜಾಗ್ರಿಗಿ ಮೊಳಿ ಬಡಿಯಾಕತ್ತಿದ. ನೋಡದ ಬಡದ್ರ ಏನಾಗ್ತದ? ಹೆಬ್ಬಟ್ಟು ಜಜ್ಜಿತು. ನಾ ಒಳಗ ಚೀರಿದೆ, ಅವ ಹೊರಗ ಚೀರಿದ. "ಬಾಯಿ ಮುಚ್ಚೊ, ಹಡಿಯಾಕಿಗಿಂತ ನಿಂದೇ ಜಾಸ್ತಿ ಆತು" ಅಂತ ಮುದಕಿ ಬೈದಳು. ಆ ಬ್ಯಾನ್ಯಾಗೂ ನನಗ ನಗು ಬಂತು. ಬಾಗಲ ಮುಚ್ಚಿತು, ಮಗಳು ಹುಟ್ಟಿದಳು.

ಮುಂದ ಮುದಕಿ ದಿನಾ ಕೂಸಿಗೆ ಎರಿಯಾಕ ಬರ್ತಿದ್ದಳು. ತನ್ನವ್ವ ಒಳಗ ಕುಂತ ಮನಿಗಿ ಕೀಲಿ ಹಾಕಾಂವ ಯಾವ ಮಗ? ಮಳಿ ನಿಂತಿತು, ಖಣಿ ನೀರು ಬತ್ತಿ ಕೆಲಸ ಸುರು ಆತು, ಬಾಡಗಿ ಪೂರಾ ಕೊಟ್ಟಿವಿ. ರಸೀದಿನೂ ತಗೊಂಡಿವಿ.

ಆದ್ರ ಮಳಿಗಾಲಕ್ಕೊಮ್ಮಿ ಬಾಡಗಿ ನಿಲ್ಲೂದು ತಪ್ಪಲಿಲ್ಲ. ಆವಾಗೆಲ್ಲ ಸಾವಕಾರ ಬಂದು ಮೊದಲ ನನ್ನ ಹೊಟ್ಟಿ ನೋಡ್ತಿದ್ದ, ಆಮ್ಯಾಲ ತನ್ನ ಹೆಬ್ಬಟ್ಟು ನೋಡಿಕೋತಿದ್ದ. "ಯಾಕ್ರಿ ಸಾವಕಾರ್ರ?" ಅಂದ್ರ, "ಏನಿಲ್ಲವ್ವ, ಬಾಗಲ ಗಟ್ಟಿ ಅದನೋ ಇಲ್ಲೋ ನೋಡಾಕ ಬಂದಿದ್ದೆ" ಅಂತಿದ್ದ.