ಯಾರ ಕಾರಿನದೂ ಅಲ್ಲದ ಬ್ಯಾಟರಿಗಳು

ಊರಿನವರಿಗೆಲ್ಲ ಆಕೆ ಬ್ಯಾಟರಿ ಅಕ್ಕ. ಗಂಡ ತೀರಿಕೊಂಡ ಮೇಲೆ ಅವನ ಬ್ಯಾಟರಿ ಅಂಗಡಿಯನ್ನು ಇಪ್ಪತ್ತೆರಡು ವರ್ಷ ಒಬ್ಬಳೇ ನಡೆಸಿದಳು. ಆ್ಯಸಿಡ್ ಸಿಡಿದು ತೂತುಬಿದ್ದ ಬಟ್ಟೆ, ಕರಿ ಹಿಡಿದ ಬೆರಳು. ಬ್ಯಾಟರಿ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿತ್ತು. ಪೆಟ್ರೋಲ್ ಕಾರುಗಳು ಕಡಿಮೆಯಾಗುತ್ತ ಬಂದಾಗ ಅಂಗಡಿ ಮುಚ್ಚಿ, ಹಿಂದಿನ ರಸ್ತೆಯಲ್ಲಿ ಹೊಸದಾಗಿ ತೆರೆದ ಬ್ಯಾಟರಿ ಬದಲಿಸುವ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು.

ಮೊದಲ ದಿನ ಕಣ್ಣು ಮಿಟುಕಿಸದೆ ನೋಡಿದಳು. ಎಲೆಕ್ಟ್ರಿಕ್ ಕಾರೊಂದು ಬಂದು ನಿಂತಿತು. ನೆಲ ಬಾಯ್ತೆರೆಯಿತು. ಕೆಳಗಿನಿಂದ ಎದ್ದ ಯಂತ್ರ ಕಾರಿನ ಹೊಟ್ಟೆಯಡಿಯ ಬೋಲ್ಟುಗಳನ್ನು ಬಿಚ್ಚಿ, ಮಂಚದಗಲದ ಬ್ಯಾಟರಿಯನ್ನು ಇಳಿಸಿಕೊಂಡು, ಚಾರ್ಜ್ ತುಂಬಿದ ಇನ್ನೊಂದನ್ನು ಕೂರಿಸಿತು. ಐದು ನಿಮಿಷವೂ ಆಗಲಿಲ್ಲ. ಡ್ರೈವರ್ ಸೀಟಿನಿಂದ ಏಳಲೂ ಇಲ್ಲ. ಮನೆಗೆ ಹೋಗಿ ತಂಗಿಗೆ ಇದನ್ನು ಹೇಳುವಾಗ ಆಕೆಯ ಒಂದು ಕೈ ಕಾರು, ಇನ್ನೊಂದು ಕೈ ಯಂತ್ರ.

"ನಿನ್ನ ಸೊಂಟ ಉಳೀತು ಬಿಡು," ಎಂದಳು ತಂಗಿ.

ಒಂದು ಮಧ್ಯಾಹ್ನ ಬಿರುಗಾಳಿಗೆ ಕಂಬಗಳು ಉರುಳಿ ಬಡಾವಣೆಯ ಕರೆಂಟು ಹೋಯಿತು. ಪಕ್ಕದ ಆಸ್ಪತ್ರೆಯ ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅಲ್ಲಿ ಒಂಬತ್ತು ಜನರಿಗೆ ಡಯಾಲಿಸಿಸ್ ನಡೆಯುತ್ತಿತ್ತು. ತುರ್ತಿಗಿರಲಿ ಎಂದು ಕೇಂದ್ರದ ಬ್ಯಾಟರಿಗಳಿಂದ ಆಸ್ಪತ್ರೆಗೆ ಮೊದಲೇ ಕೇಬಲ್ ಎಳೆದಿದ್ದರು. ಅದುವರೆಗೆ ಬಳಸುವ ಪ್ರಮೇಯ ಬಂದಿರಲಿಲ್ಲ. ನರ್ಸ್ ಏದುಸಿರು ಬಿಡುತ್ತ ಓಡಿ ಬಂದಳು. ಬ್ಯಾಟರಿ ಅಕ್ಕ ಮ್ಯಾನೇಜರ್‌ಗೆ ಫೋನ್ ಮಾಡಿ, ಒಪ್ಪಿಗೆ ಪಡೆದು, ಸ್ವಿಚ್ಚು ಹಾಕಿದಳು.

ಇದ್ದ ಬ್ಯಾಟರಿಗಳೆಲ್ಲ ಆಸ್ಪತ್ರೆಗೇ ಬೇಕಾದ್ದರಿಂದ ಇನ್ನು ಕಾರುಗಳಿಗೆ ಕೊಡುವ ಹಾಗಿರಲಿಲ್ಲ. ಸಾಲಿನ ಮೊದಲಿಗಿದ್ದ ಟ್ಯಾಕ್ಸಿಯವನು, ಇನ್ನೆಷ್ಟು ಹೊತ್ತು ಕಾಯಬೇಕು ಎಂದು ಗೊಣಗಿದ.

"ಗೊತ್ತಿಲ್ಲಪ್ಪ. ಒಳಗೆ ಒಂಬತ್ತು ಜನರ ರಕ್ತ ಇದರ ಮೇಲೆ ಓಡ್ತಿದೆ."

ಅವನು ಕೆಳಗಿಳಿದು, ಹಿಂದಿನವರಿಗೆ ತಾನೇ ವಿಷಯ ತಿಳಿಸಲು ಹೋದ.

ಆಕೆಗೆ ಮನಸ್ಸು ತಡೆಯಲಿಲ್ಲ. ವಾರ್ಡಿನ ಬಾಗಿಲಿಗೆ ಹೋಗಿ ನಿಂತಳು. ಸಣ್ಣ ನಳಿಕೆಗಳಲ್ಲಿ ರಕ್ತ ಹೊರಬಂದು, ಶುದ್ಧವಾಗಿ, ಮತ್ತೆ ಮೈ ಸೇರುತ್ತಿತ್ತು. ಬಾಗಿಲ ಪಕ್ಕದ ಹಾಸಿಗೆಯಲ್ಲಿದ್ದ ನಿವೃತ್ತ ಮೇಷ್ಟ್ರು, ಕರೆಂಟು ಬಂತೇ ಎಂದು ಕೇಳಿದರು. ಇಲ್ಲ, ಕಾರಿನ ಬ್ಯಾಟರಿಗಳಿಂದ ನಡೆಯುತ್ತಿದೆ ಎಂದಳು.

"ಯಾರ ಕಾರಮ್ಮಾ? ಒಂದು ಥ್ಯಾಂಕ್ಸ್ ಹೇಳ್ಬೇಕಲ್ಲ."

"ಇಂಥವರದು ಅಂತ ಇಲ್ಲ ಮೇಷ್ಟ್ರೇ. ಇವತ್ತು ಒಬ್ಬರ ಕಾರಲ್ಲಿದ್ರೆ ನಾಳೆ ಇನ್ನೊಬ್ಬರದ್ರಲ್ಲಿ. ಊರೆಲ್ಲ ಸುತ್ತಿ ಬಂದಿರೋವು."

ಮೇಷ್ಟ್ರು ತಮ್ಮ ತೋಳಿಗೆ ಬರುತ್ತಿದ್ದ ನಳಿಕೆಯನ್ನೇ ನೋಡಿದರು. ಆಮೇಲೆ, ಹಾಗಾದರೆ ಹೊರಗಿರುವವರಿಗೆಲ್ಲ ನನ್ನ ಥ್ಯಾಂಕ್ಸ್ ಹೇಳಿಬಿಡು ಎಂದರು.

ಆಕೆ ಹೊರಗೆ ಬಂದು ಹದಿನಾಲ್ಕು ಕಾರುಗಳ ಕಿಟಕಿ ತಟ್ಟಿ ಹೇಳಿದಳು. ಸಂಜೆ ಐದಕ್ಕೆ ಕರೆಂಟು ಬರುವವರೆಗೆ ಆ ಸಾಲಿನಲ್ಲಿ ಯಾರೂ ಹಾರ್ನ್ ಮಾಡಲಿಲ್ಲ.