ಕೆಂಪು ಹೊಟ್ಟೆಯ ಮಾರ್ಮನ್

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಅವರನ್ನು ಗೋಂದಮ್ಮ ಎಂದೇ ಕರೆಯುತ್ತಿದ್ದರು. ಕಸ ಗುಡಿಸಲು ಸೇರಿದವರು. ಒಮ್ಮೆ ಜೀರುಂಡೆಯ ಮುರಿದ ಕಾಲನ್ನು ಗುಟ್ಟಾಗಿ ಅಂಟಿಸುವಾಗ ಸಿಕ್ಕಿಬಿದ್ದರು. ಬೈಗುಳದ ಬದಲು ಅದೇ ಕೆಲಸ ಸಿಕ್ಕಿತು. ಅಂದಿನಿಂದ ಇಪ್ಪತ್ತೆರಡು ವರ್ಷ, ಕೀಟಗಳ ಕೋಣೆಯ ಕಿಟಕಿ ಪಕ್ಕದ ಮೇಜೇ ಅವರ ಲೋಕ. ಒಂದು ಚಿಮುಟ, ಒಂದು ಬಟ್ಟಲು ಗೋಂದು, ನಾಲ್ಕೇ ಕೂದಲಿನ ಕುಂಚ.

ಸೋಮವಾರ ಮಧ್ಯಾಹ್ನ, ಬೇರೆ ಊರಿಂದ ಬಂದಿದ್ದ ಸಂಶೋಧಕ ಒಂದು ಚಿಟ್ಟೆಯನ್ನು ಸೂಜಿಸಮೇತ ಎತ್ತಿ ಹಿಡಿದಿದ್ದ; ಕುಣಿಯುವುದೊಂದೇ ಬಾಕಿ.

ರೆಕ್ಕೆಗೆ ಬಾಲವಿರುವ ಚಿಟ್ಟೆಗಳಲ್ಲಿ ಗುಲಾಬಿ ಚಿಟ್ಟೆ ವಿಷದ್ದು. ಅದರ ಹೊಟ್ಟೆ ಕೆಂಪು, ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಮಾರ್ಮನ್ ಎಂಬ ಇನ್ನೊಂದು ಬಾಲದ ಚಿಟ್ಟೆಗೆ ವಿಷವಿಲ್ಲ. ಅದರ ಕೆಲವು ಹೆಣ್ಣುಗಳು ಗುಲಾಬಿಯಂಥದೇ ರೆಕ್ಕೆ ತೊಟ್ಟು ಜೀವ ಉಳಿಸಿಕೊಳ್ಳುತ್ತವೆ. ಆದರೆ ಹೊಟ್ಟೆ ಕಪ್ಪು. ವೇಷ ಬಯಲಾಗುವುದು ಅಲ್ಲೇ.

"ಇದರ ಚೀಟೀಲಿ ಮಾರ್ಮನ್ ಅಂತಿದೆ, ಹೊಟ್ಟೆ ನೋಡಿದ್ರೆ ಕೆಂಪು! ಹೊಸ ಬಗೆ ಸಾರ್ ಇದು. ನಾಳೇನೇ ಲೇಖನ ಕಳಿಸ್ತೀನಿ" ಎಂದ ಸಂಶೋಧಕ.

"ಭೇಷ್!" ಎಂದರು ಮೇಲಧಿಕಾರಿ.

ಗೋಂದಮ್ಮ ತಮ್ಮ ಮೇಜಿನಿಂದಲೇ ಕತ್ತು ಚಾಚಿ ನೋಡಿದರು. ಚಿಟ್ಟೆಯ ಎದೆಗೂ ಹೊಟ್ಟೆಗೂ ನಡುವೆ ಮಿಣುಗುತ್ತಿದ್ದ ಚುಕ್ಕೆ ಅವರದೇ ಗೋಂದು. ಕಪಾಟು ಬದಲಿಸಿದ ವರ್ಷ ಒಂದೇ ದಿನ ಎರಡು ಚಿಟ್ಟೆಗಳ ಹೊಟ್ಟೆ ಕಳಚಿಬಿದ್ದಿತ್ತು. ಅವಸರದಲ್ಲಿ ಚೀಟಿ ಓದದೆ, ರೆಕ್ಕೆ ನೋಡಿಯೇ ಅಂಟಿಸಿದ್ದರು.

ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು. ಗಂಡ ಬೀಗ ರಿಪೇರಿಯವರು, ಬಾಯಿಗೆ ಮಾತ್ರ ಬೀಗವಿಲ್ಲ.

"ಏನೇ, ನಿನ್ನ ಬಾಯಿಗೂ ಗೋಂದು ಹಚ್ಕೊಂಡು ಬಂದ್ಯಾ?"

ಗೋಂದಮ್ಮ ಎಲ್ಲ ಹೇಳಿದರು. "ಹೇಳಿದ್ರೆ ಕೆಲಸ ಹೋಗತ್ತೆ ಕಣ್ರೀ. ಹೇಳ್ದೇ ಇದ್ರೆ ನನ್ನ ತಪ್ಪು ಪುಸ್ತಕದಲ್ಲಿ ಅಚ್ಚಾಗತ್ತೆ."

"ತಪ್ಪು ಬೀಗಕ್ಕೆ ಕೀಲಿ ಹಾಕಿ ತಿರುವಿದ್ರೆ ಕೀಲಿನೇ ಮುರಿಯೋದು. ಮೊದಲು ಹೊರಗೆ ತೆಗಿ."

ಬೆಳಿಗ್ಗೆ ಮೇಲಧಿಕಾರಿ, ಸಂಶೋಧಕ ಇಬ್ಬರ ಮುಂದೆಯೂ ನಿಂತು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಸಂಶೋಧಕ ನಂಬಲಿಲ್ಲ. ಗೋಂದಮ್ಮ ಕುಂಚದ ತುದಿಯಿಂದ ಬೆಸುಗೆಯ ಮೇಲೆ ಒಂದು ಹನಿ ಬಿಸಿನೀರು ಇಟ್ಟರು. ಮೂವರೂ ಮೇಜಿನ ಮೇಲೆ ಬಾಗಿದರು. ಕೆಂಪು ಹೊಟ್ಟೆ ಮೆಲ್ಲಗೆ ಸಡಿಲಿ ಚಿಮುಟಕ್ಕೆ ಬಂತು.

"ಹಾಗಾದ್ರೆ ಇದರ ಸ್ವಂತ ಹೊಟ್ಟೆ ಎಲ್ಲಿ?" ಎಂದರು ಮೇಲಧಿಕಾರಿ.

ಗೋಂದಮ್ಮ ಗುಲಾಬಿ ಚಿಟ್ಟೆಗಳ ಖಾನೆ ಎಳೆದರು. ಮೂರನೇ ಸಾಲಿನಲ್ಲಿ ಒಂದಕ್ಕೆ ಮಾತ್ರ ಕಪ್ಪು ಹೊಟ್ಟೆ.

ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಪ್ರತಿ ವರ್ಷ ಈ ಖಾನೆ ಪರೀಕ್ಷಿಸಿ ಸಹಿ ಹಾಕಿದವನು ನಾನೇ. ನಿಮ್ಮನ್ನ ಯಾವ ಬಾಯಲ್ಲಿ ಬೈಲಿ?"

ಸಂಶೋಧಕ ತಲೆಯ ಮೇಲೆ ಕೈಹೊತ್ತವನು ಜೋರಾಗಿ ನಕ್ಕುಬಿಟ್ಟ. "ಅಮ್ಮಾ, ನನ್ನ ಮಾನ ಉಳಿಸಿದ್ರಿ! ಲೇಖನ ಅಚ್ಚಾಗಿದ್ರೆ ನನಗೇ ಸೂಜಿ ಚುಚ್ಚಿ ಖಾನೇಲಿ ಇಡ್ತಿದ್ರು."

"ಇನ್ಮೇಲೆ ಅಂಟಿಸಿದ್ದಕ್ಕೆಲ್ಲ ಒಂದು ಚೀಟಿ ಬರೀರಿ, ಗೋಂದಮ್ಮ. ಮೊದಲು ಇವೆರಡನ್ನ ಸರಿ ಮಾಡಿ" ಎಂದರು ಮೇಲಧಿಕಾರಿ.

ಗೋಂದಮ್ಮ ಚೀಟಿಗಳನ್ನು ಎರಡೆರಡು ಸಲ ಓದಿ, ಮಾರ್ಮನ್‌ಗೆ ಕಪ್ಪು, ಗುಲಾಬಿಗೆ ಕೆಂಪು ಕೂಡಿಸಿದರು. ಪ್ರತಿ ಸೂಜಿಗೂ ಇನ್ನೊಂದು ಪುಟ್ಟ ಚೀಟಿ ಬಂತು: "ಹೊಟ್ಟೆ ಅಂಟಿಸಿದ್ದು."

ಗೋಂದು ಒಣಗುವ ಹೊತ್ತಿಗೆ ಅವರದೇ ಹೊಟ್ಟೆ ಚುರುಗುಟ್ಟಿತು. ನಿನ್ನೆ ಮಧ್ಯಾಹ್ನದಿಂದ ನೆಟ್ಟಗೆ ಒಂದು ತುತ್ತೂ ಇಳಿದಿರಲಿಲ್ಲ. ಗಂಟೆ ಹನ್ನೊಂದೂ ಆಗದಿದ್ದರೂ ಗೋಂದಮ್ಮ ಬುತ್ತಿಯ ಡಬ್ಬಿ ಬಿಚ್ಚಿದರು.