ಅಯ್ಯನವರ ಬೈಬಲಿನಿಂದ ಕತ್ತರಿಸಿಹೋದದ್ದು

ಆಕೆಯನ್ನು ಎಲ್ಲರೂ ಕರೆಯುವುದು ಗೋಂದಕ್ಕ ಎಂದೇ. ಮೂವತ್ತು ವರ್ಷದಿಂದ ಪುಸ್ತಕಗಳಿಗೆ ಬೈಂಡಿಂಗ್ ಹಾಕುವ ಕೆಲಸ. ಬೆರಳ ಸಂದಿಯಲ್ಲಿ ಒಣಗಿದ ಗೋಂದು ಯಾವ ಸೋಪಿಗೂ ಜಗ್ಗುವುದಿಲ್ಲ. ಯಾರ ಮನೆಗೆ ಹೋದರೂ ಕ್ಷೇಮಸಮಾಚಾರಕ್ಕಿಂತ ಮೊದಲು ಕಪಾಟಿನಲ್ಲಿರುವ ಪುಸ್ತಕಗಳ ಬೆನ್ನು ಸವರಿ ನೋಡುವ ಚಾಳಿ. ಕೈ ಗಟ್ಟಿ, ಬಾಯಿ ಇನ್ನೂ ಗಟ್ಟಿ. ಇಂಥ ಗಟ್ಟಿಗಿತ್ತಿ ಒಂದೇ ಒಂದು ಸಂಗತಿಗೆ ಹೆದರುತ್ತಿದ್ದಳು. ಯಾವುದೋ ಒಂದು ದಿನ ಇದ್ದಕ್ಕಿದ್ದಂತೆ ತಾನು ಮೇಲೆ ಹೋಗಿಬಿಡುತ್ತೇನೆ, ಗಂಡ ಕೆಳಗೇ ಉಳಿದುಬಿಡುತ್ತಾನೆ.

ಆಕೆಯ ಕ್ರೈಸ್ತ ಸಭೆಯಲ್ಲಿ ಇದನ್ನು ರಹಸ್ಯ ಬರೋಣ ಎನ್ನುತ್ತಾರೆ. ಲೋಕಕ್ಕೆ ಏಳು ವರ್ಷದ ಮಹಾಸಂಕಟ ಬರುವ ಮುಂಚೆಯೇ ಕರ್ತನಾದ ಯೇಸು ಗುಟ್ಟಾಗಿ ಬಂದು ನಂಬಿದವರನ್ನು ಎತ್ತಿಕೊಂಡು ಹೋಗುತ್ತಾನೆ, ಮಿಕ್ಕವರಿಗೆ ಅವರು ಮಾಯವಾದದ್ದು ಆಮೇಲೆ ಗೊತ್ತಾಗುತ್ತದೆ ಎಂಬ ನಂಬಿಕೆ ಅದು. ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾದರೂ ಸಭೆಯ ಮೆಟ್ಟಿಲು ಹತ್ತಿದವನಲ್ಲ. "ನೀನು ಮುಂದೆ ಹೋಗು, ನನಗೂ ಒಂದು ಸೀಟು ಹಿಡಿದಿಡು" ಎಂದು ನಗುತ್ತಿದ್ದ. ಆಕೆಗೆ ನಗು ಬರುತ್ತಿರಲಿಲ್ಲ. ಆ ಸಭೆಯ ಹೆಂಗಸರಲ್ಲಿ ಒಂದು ರೂಢಿಯಿತ್ತು, ನಂಬದ ಮನೆಯವರಿಗೆ ಒಂದು ಪತ್ರ ಬರೆದಿಡುವುದು. ಗೋಂದಕ್ಕನ ಪತ್ರ ಹೊದಿಕೆಗಳ ಕೆಳಗಿತ್ತು. "ರೀ, ನಾನು ಕಾಣದಿದ್ದರೆ ಪೊಲೀಸರ ಹತ್ತಿರ ಓಡಬೇಡಿ. ಮೊದಲು ಒಲೆ ಆರಿಸಿ. ನಿಮ್ಮ ಬಿಪಿ ಮಾತ್ರೆ ನೀಲಿ ಡಬ್ಬಿಯಲ್ಲಿದೆ. ಆ ಸಂಕಟದ ಕಾಲದಲ್ಲಿ ಹಣೆಗೋ ಕೈಗೋ ಯಾರಾದರೂ ಸೈತಾನನ ಮುದ್ರೆ ಒತ್ತಲು ಬಂದರೆ ಖಡಾಖಂಡಿತವಾಗಿ ಬೇಡ ಅನ್ನಿ." ವೈದ್ಯರು ಮಾತ್ರೆ ಬದಲಾಯಿಸಿದಾಗಲೆಲ್ಲ ಆಕೆ ಪತ್ರವನ್ನೂ ತಿದ್ದಿ ಬರೆಯುತ್ತಿದ್ದಳು. ಬರೆಯುವಾಗಲೆಲ್ಲ ಅಳುತ್ತಿದ್ದಳು.

ಹೀಗಿರುವಾಗ ಸಭೆಯ ಪಾಸ್ಟರ್ ಅಯ್ಯನವರು ತಮ್ಮ ಬೈಬಲನ್ನು ರಿಪೇರಿಗೆ ತಂದುಕೊಟ್ಟರು. ನಲವತ್ತು ವರ್ಷ ಅವರ ಕಂಕುಳಲ್ಲೇ ಸವೆದ ಪುಸ್ತಕ. ನೀರು ಕುಡಿದು ಪುಟಗಳ ಕೆಳಅಂಚು ಕೊಳೆತಿತ್ತು. ಗೋಂದಕ್ಕ ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು, ಕತ್ತರಿಸುವ ಯಂತ್ರಕ್ಕೆ ಕೊಡುವ ಮೊದಲು ಒಂದೊಂದು ಪುಟವನ್ನೂ ಬೆಳಕಿಗೆ ಹಿಡಿದು ನೋಡಿದಳು. ವಚನದ ಒಂದಕ್ಷರವೂ ಹೋಗಬಾರದು! ಒಂದಕ್ಷರವೂ ಹೋಗಲಿಲ್ಲ. ಕೆಳಗಿದ್ದ ಸಣ್ಣಕ್ಷರದ ಸಾಲುಗಳು ಮಾತ್ರ ಕೊಳೆತ ಅಂಚಿನ ಜೊತೆ ಕಸದ ಬುಟ್ಟಿ ಸೇರಿದವು. ಹೊಸ ರಟ್ಟು, ಹೊಸ ಬೆನ್ನು ಕಂಡು ಅಯ್ಯನವರು ಮಗುವಿನ ಹಾಗೆ ಹಿಗ್ಗಿದರು.

ಭಾನುವಾರ ಬೆಳಿಗ್ಗೆ ಅದೇ ಬೈಬಲನ್ನು ಹಿಡಿದು ರಹಸ್ಯ ಬರೋಣದ ಪ್ರಸಂಗಕ್ಕೆ ನಿಂತರು. ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರ, ನಾಲ್ಕನೆಯ ಅಧ್ಯಾಯ. ಗಂಭೀರವಾಗಿ ಓದುತ್ತಾ ಹೋದರು, ತಟ್ಟನೆ ನಿಂತರು. ಪುಟ ತಿರುಗಿಸಿದರು, ಮತ್ತೆ ಹಿಂದಕ್ಕೆ ಬಂದರು. ಕನ್ನಡಕ ಒರೆಸಿಕೊಂಡರು. ಆಮೇಲೆ ಮೂರನೆಯ ಸಾಲಿನಲ್ಲಿ ಕೂತಿದ್ದ ಗೋಂದಕ್ಕನ ಮೇಲೆ ಕಣ್ಣು ನೆಟ್ಟರು.

"ಅಮ್ಮಾ, ಇಲ್ಲಿದ್ದ ವಚನ ಎಲ್ಲಿ?"

ಸಭೆಯೆಲ್ಲ ತಿರುಗಿ ನೋಡಿತು. ಗೋಂದಕ್ಕ ಎದ್ದು ನಿಂತಳು. ಕೆಲಸದ ಮಾತು ಬಂದರೆ ಆಕೆ ಯಾರಿಗೂ ಸೊಪ್ಪು ಹಾಕುವವಳಲ್ಲ. "ಯಾವ ವಚನ ಅಯ್ಯನವರೇ?"

"ಏಳು ವರ್ಷದ ಸಂಕಟಕ್ಕೆ ಮುಂಚೆ ಗುಟ್ಟಾಗಿ ಬರ್ತಾನೆ ಅನ್ನೋದು. ಇದೇ ಪುಟದ ಕೆಳಗಡೆ ಇತ್ತು. ನಲವತ್ತು ವರ್ಷದಿಂದ ಓದ್ತಾ ಇದ್ದೀನಿ!"

"ನಾನು ವಚನ ಕತ್ತರಿಸಿಲ್ಲ. ಸಂಖ್ಯೆ ನೋಡಿ!" ಎನ್ನುತ್ತಾ ಆಕೆ ಪಕ್ಕದವಳ ಬೈಬಲನ್ನು ಕಿತ್ತುಕೊಂಡೇ ಮುಂದೆ ನಡೆದಳು. ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಎಣಿಸಿದರು. ಹದಿಮೂರು, ಹದಿನಾಲ್ಕು, ಹದಿನೈದು... ಹದಿನೆಂಟು. ಅಲ್ಲಿಗೆ ಅಧ್ಯಾಯ ಮುಗಿಯಿತು. ಇಲ್ಲೂ ಅಷ್ಟೇ, ಅಲ್ಲೂ ಅಷ್ಟೇ. ಏಳು ವರ್ಷ ಎರಡರಲ್ಲೂ ಇಲ್ಲ!

ಅಯ್ಯನವರು ಕುರ್ಚಿಯಲ್ಲಿ ಕುಸಿದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಗು! ದೊಡ್ಡ ಮನುಷ್ಯ ಎಂದರೆ ಹೀಗಿರಬೇಕು.

"ಅದು ಟಿಪ್ಪಣಿ ಕಣಮ್ಮಾ," ಎಂದರು ಕಣ್ಣೊರೆಸಿಕೊಂಡು. "ಓದೋ ಕಾಲದಲ್ಲಿ ಮೇಷ್ಟ್ರು ಹೇಳಿದ್ರು, ನಾನೇ ಮರೆತುಬಿಟ್ಟಿದ್ದೆ. ಎತ್ತಲ್ಪಡೋದು ವಚನದಲ್ಲೇ ಇದೆ, ಅದು ಮೊದಲಿಂದ ಇರೋದು. ಅದು ಸಂಕಟಕ್ಕೆ ಮುಂಚೆ, ಬೇರೆಯಾಗಿ, ಗುಟ್ಟಾಗಿ ಅಂತ ಊರೂರು ತಿರುಗಿ ಕಲಿಸಿದ್ದು ಒಬ್ಬ ಬೋಧಕ. ತನ್ನ ಸಭೆ ಬಿಟ್ಟು ಬಂದಿದ್ದವನು. ಇನ್ನೂರು ವರ್ಷ ಆಗಿರಬಹುದು ಅಷ್ಟೇ. ಬೈಬಲಲ್ಲೇ ಬೇರೆ ಕಡೆ ಇರೋ ದಾನಿಯೇಲನ ಪುಸ್ತಕದಿಂದ ಒಂದು ವಚನ, ಪ್ರಕಟನೆ ಪುಸ್ತಕದಿಂದ ಒಂದು ವಚನ ತಂದು ಇದರ ಜೊತೆ ಜೋಡಿಸಿದ. ಆಮೇಲೆ ಇನ್ನೊಬ್ಬರು ಅದನ್ನೇ ಟಿಪ್ಪಣಿ ಮಾಡಿ ವಚನದ ಕೆಳಗೇ ಅಚ್ಚು ಹಾಕಿಸಿದರು. ಜನ ಮೇಲಿಂದ ಕೆಳಗೆ ಒಂದೇ ಉಸಿರಲ್ಲಿ ಓದಿಬಿಟ್ಟರು. ನನ್ನ ಹಾಗೆ."

"ಹಾಗಾದ್ರೆ ಅದು ಸುಳ್ಳಾ?" ಎಂದಳು ಗೋಂದಕ್ಕ.

"ಸುಳ್ಳು ಅನ್ನಲ್ಲ. ಜೋಡಿಸಿದ್ದು ಸರಿ ಅನ್ನೋರು ತುಂಬಾ ಜನ ಇದ್ದಾರೆ, ತಿಳಿದವರೇ. ಆದರೆ ಅದು ಜೋಡಣೆ. ವಚನ ಅಲ್ಲ."

ಜೋಡಣೆ ಎಂದರೇನೆಂದು ಗೋಂದಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕೆ ನಿಂತಲ್ಲೇ ಆ ಆರು ವಚನಗಳನ್ನಷ್ಟೇ, ಟಿಪ್ಪಣಿಯಿಲ್ಲದೆ, ಓದಿದಳು. ಕೂಗು, ಪ್ರಧಾನ ದೇವದೂತನ ಧ್ವನಿ, ತುತೂರಿ! ಇಷ್ಟೊಂದು ಗದ್ದಲ ಎಬ್ಬಿಸಿಕೊಂಡು ಬರುವುದು ಗುಟ್ಟು ಹೇಗಾದೀತು? ಇನ್ನೂ ದೊಡ್ಡ ಸಂಗತಿ ಮೊದಲ ಸಾಲಿನಲ್ಲೇ ಇತ್ತು. ಆ ಪತ್ರ ಬರೆದದ್ದು ತಮ್ಮವರನ್ನು ಕಳೆದುಕೊಂಡು ಅಳುತ್ತಿದ್ದವರಿಗೆ. ಸತ್ತವರು, ಬದುಕಿರುವವರು ಎಲ್ಲ ಒಟ್ಟಿಗೆ ಇರುತ್ತೀರಿ, ಈ ಮಾತಿನಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎನ್ನುವುದಕ್ಕೆ. ಅಗಲಿಕೆಯ ದುಃಖಕ್ಕೆ ಹೇಳಿದ ಸಮಾಧಾನದ ಮಾತನ್ನೇ ಹಿಡಿದುಕೊಂಡು ತಾನು ಇಷ್ಟು ವರ್ಷ ಅಗಲಿಕೆಗೆ ಹೆದರಿ ಸತ್ತಿದ್ದೆನಲ್ಲ!

ಕೊನೆಯ ಹಾಡಿಗೆ ನಿಲ್ಲಲಿಲ್ಲ. ಅಯ್ಯನವರ ಬೈಬಲನ್ನು ಕೇಳದೆಯೇ ಎತ್ತಿಕೊಂಡು, ಐವತ್ತು ದಾಟಿದ ಹೆಂಗಸು ಮಟಮಟ ಮಧ್ಯಾಹ್ನ ಬೀದಿಯಲ್ಲಿ ಓಡಿದಳು. ಗಂಡ ಹೊಸ್ತಿಲ ಮೇಲೆ ಕಾಗದ ಹಾಸಿಕೊಂಡು ಉಗುರು ಕತ್ತರಿಸುತ್ತಿದ್ದ.

"ರೀ, ಕೇಳಿ ಇಲ್ಲಿ! ಬಾಯಿ ಮುಚ್ಚಿಕೊಂಡು ಕೇಳಿ!"

ಬಾಯಿ ತೆರೆಯದಿದ್ದವನು ಹಾಗೇ ಕೇಳಿದ. ಏದುಸಿರಿನಲ್ಲೇ ಆರೂ ವಚನ ಓದಿ, ನಡೆದದ್ದನ್ನೆಲ್ಲ ಒದರಿದಳು.

"ಇನ್ನೊಂದ್ಸಲ ಓದು," ಎಂದ. ಓದಿದಳು.

"ನಾನಿದ್ದೀನಾ ಇದರಲ್ಲಿ?"

ಆಕೆಗೆ ಹೌದು ಎನ್ನಬೇಕೆನಿಸಿತು. ಆದರೆ ಇಲ್ಲದ್ದನ್ನು ಸೇರಿಸುವ ಧೈರ್ಯ ಇವತ್ತಂತೂ ಬರಲಿಲ್ಲ. "ನಂಬಿದವರು ಅಂತಿದೆ. ಅದು ನಿಮಗೂ ದೇವರಿಗೂ ಬಿಟ್ಟಿದ್ದು. ಆದ್ರೆ ನಿಮಗೆ ಹೇಳ್ದೆ ಕೇಳ್ದೆ ನಾನು ಮಾಯ ಆಗಿಬಿಡ್ತೀನಿ ಅಂತ ಇಲ್ಲ ರೀ. ಈ ಪುಟದಲ್ಲೆಲ್ಲೂ ಇಲ್ಲ!"

ಅವನು ಕಾಗದವನ್ನು ಮಡಚಿ ಪಕ್ಕಕ್ಕಿಟ್ಟ. "ದಿನಾ ಗ್ಯಾರೇಜಿಂದ ಬರ್ತಾ ಬೀದಿ ತಿರುವಲ್ಲಿ ಒಂದು ಗಳಿಗೆ ನಿಂತ್ಕೋತೀನಿ," ಎಂದ. "ಅಲ್ಲಿಂದ ನಮ್ಮ ಅಡುಗೆಮನೆ ಕಿಟಕಿ ಕಾಣುತ್ತೆ. ನೀನು ಓಡಾಡೋದು ಕಂಡಮೇಲೇ ಮುಂದಕ್ಕೆ ಹೆಜ್ಜೆ ಇಡೋದು."

"ನೀವಾ? ನೀವು ಇದನ್ನೆಲ್ಲ ನಂಬೋದೇ ಇಲ್ವಲ್ಲ!"

"ನಂಬಲ್ಲ," ಎಂದ. "ಆದ್ರೂ ಇಪ್ಪತ್ನಾಲ್ಕು ವರ್ಷದಿಂದ ನಿಲ್ತಾ ಇದ್ದೀನಿ."